ಗುಟ್ಟಿನ ಅಂಕಿ

"ಯಾರು ನೀವು? ಕೈ ತೆಗೀರಿ ಅಲ್ಲಿಂದ!"

ಪ್ರಣೀತಾ ಕೂಗುವಷ್ಟರಲ್ಲಿ ತಡವಾಗಿತ್ತು. ಪ್ರಯೋಗಾಲಯದ ಮೂಲೆಯಲ್ಲಿ ಬಗ್ಗಿ ನಿಂತಿದ್ದ ಅಪರಿಚಿತ ಅವಳ ಯಂತ್ರದ ಹಿಂಬದಿಯ ಕಪ್ಪು ಕೇಬಲ್ಲನ್ನು ಕಿತ್ತು ಕೈಯಲ್ಲಿ ಹಿಡಿದಿದ್ದ. ಪರದೆಯ ಮೇಲೆ ಒಂಬತ್ತು ದಿನಗಳಿಂದ ಏರುತ್ತಲೇ ಇದ್ದ ಎಣಿಕೆ ಗಕ್ಕನೆ ನಿಂತಿತು.

"ಒಂಬತ್ತು ದಿನದ ಡೇಟಾ ಅದು! ನಿಮಗೆ ತಲೆ ಉಂಟಾ?"

ಆತ ನಿಧಾನವಾಗಿ ನೆಟ್ಟಗಾದ. ಎತ್ತರದ ಆಳು, ಗ್ಯಾಸ್ ಪ್ಲಾಂಟಿನ ನೀಲಿ ಶರ್ಟು, ಮುಖದಲ್ಲಿ ತಪ್ಪು ಮಾಡಿದ ಲಕ್ಷಣವೇ ಇಲ್ಲ.

"ಐತ್ರಿ. ಅದಕ್ಕ ಕಿತ್ತೀನಿ. ನಿಮ್ಮ ಗ್ರೌಂಡ್ ವೈರ್ ಸರಿ ಇಲ್ಲ. ಇಲ್ಲಿ ನೋಡ್ರಿ..."

ಅವನು ಕೇಬಲ್ಲನ್ನು ಮತ್ತೆ ಸಿಕ್ಕಿಸಿ ಗೋಡೆಯ ಎಸಿಯನ್ನು ಆರಿಸಿ ಹಾಕಿದ. ಕಂಪ್ರೆಸರ್ ಧಡ್ ಎಂದಿತು. ಪರದೆಯಲ್ಲಿ ಎಣಿಕೆ ಒಂದು ಏರಿತು. ಮತ್ತೆ ಆರಿಸಿ ಹಾಕಿದ. ಧಡ್. ಮತ್ತೊಂದು.

"ನೀವು ಒಂಬತ್ತು ದಿನ ಎಣಿಸಿದ್ರಾಗ ಅರ್ಧ ಆಕಾಶದ್ದು, ಅರ್ಧ ಈ ಎಸಿದು."

ಪ್ರಣೀತಾಳ ಕಿವಿ ಬಿಸಿಯಾಯಿತು. ಇವನ ಮೇಲೆ ಸಿಟ್ಟು ಮಾಡಬೇಕೋ, ತನ್ನ ಮೇಲೆಯೋ? 

"ಬಾಗಿಲು ತಟ್ಟಿ ಬರುವುದು ಗೊತ್ತಿಲ್ವಾ ನಿಮಗೆ?" ಎಂದಷ್ಟೇ ಕೇಳಿದಳು.

"ತಟ್ಟಿದ್ನಿ. ನಿಮ್ಮ ಎಸಿ ಸಪ್ಪಳದಾಗ ಅದೂ ಕೇಳಿಲ್ಲ" ಎಂದು ಆತ ನಕ್ಕ.

ಹೀಗೆ ಬಂದವನು ಬಸವಪ್ರಭು.

* * *

ಪ್ರಣೀತಾ ಒಮಾನಿನ ನಿಜ್ವಾದ ಒಂದು ಖಾಸಗಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ಅಪ್ಪ ಅಮ್ಮ ಇದ್ದದ್ದು ಮಸ್ಕತ್ತಿನ ಅಲ್ ಖುವೈರ್‌ನಲ್ಲಿ. ಆ ನವೆಂಬರಿಗೆ ಜಿನೀವಾದ ದೊಡ್ಡ ಕೊಲೈಡರ್‌ನಲ್ಲಿ ಮೊದಲ ಬಾರಿ ಕಣಗಳು ಡಿಕ್ಕಿ ಹೊಡೆದು ಹದಿನೈದು ವರ್ಷ. ಅಲ್ಲಿನ ಒಂದು ತಂಡ ಆ ಸಂಭ್ರಮಕ್ಕೆ ಬೇರೆ ಬೇರೆ ದೇಶಗಳ ಕಾಲೇಜುಗಳನ್ನು ವಿಡಿಯೋದಲ್ಲಿ ಜೋಡಿಸುವುದೆಂದು ನಿಗದಿಯಾಗಿತ್ತು. ಪ್ರತಿ ಕಾಲೇಜಿಗೂ ಐದು ನಿಮಿಷ. ನೀವೇ ಕಟ್ಟಿದ ಒಂದು ಯಂತ್ರ, ನೀವೇ ಅಳೆದ ಒಂದು ಅಂಕಿ ತೋರಿಸಬೇಕು.

ಪ್ರಣೀತಾಳ ಯಂತ್ರ, ಕಪ್ಪು ಟೇಪು ಸುತ್ತಿದ ಒಂದು ಪ್ಲಾಸ್ಟಿಕ್ ದಿಮ್ಮಿ. ಆಕಾಶದಿಂದ ಸದಾ ಬೀಳುವ ಮ್ಯೂವಾನ್ ಎಂಬ ಕಣ ಅದರೊಳಗೆ ಬಂದು ನಿಂತಾಗ ಒಮ್ಮೆ ಮಿನುಗುತ್ತದೆ, ಸಾಯುವಾಗ ಇನ್ನೊಮ್ಮೆ. ಎರಡು ಮಿನುಗುಗಳ ನಡುವಿನ ಹೊತ್ತೇ ಅದರ ಆಯಸ್ಸು. ಪುಸ್ತಕದ ಪ್ರಕಾರ ಸರಾಸರಿ ಎರಡು ಪಾಯಿಂಟ್ ಎರಡು ಮೈಕ್ರೊಸೆಕೆಂಡು.

ಬಸವಪ್ರಭು ಬಾಗಲಕೋಟೆಯ ಕಡೆಯವನು. ಸೂರ್ ಬಳಿಯ ಗ್ಯಾಸ್ ಪ್ಲಾಂಟಿನಲ್ಲಿ ಉಪಕರಣಗಳ ಟೆಕ್ನಿಷಿಯನ್. ಅದಕ್ಕೂ ಮೊದಲು ಗುತ್ತಿಗೆಯ ಮೇಲೆ ಎರಡು ವರ್ಷ ಜಿನೀವಾದಲ್ಲಿ, ನೆಲದಡಿ ನೂರು ಮೀಟರ್ ಆಳದಲ್ಲಿ ಕೇಬಲ್ ಎಳೆದಿದ್ದ. ವಿದ್ಯುತ್ತಿನ ಏರಿಳಿತ ತೋರಿಸುವ ಹಳೆಯ ಆಸಿಲೋಸ್ಕೋಪು ಬೇಕೆಂದು ಪ್ರಣೀತಾ ಕನ್ನಡ ಸಂಘದ ಗುಂಪಿನಲ್ಲಿ ಹಾಕಿದ್ದ ಸಂದೇಶ ನೋಡಿ, ಅದನ್ನು ಕಾರಿನಲ್ಲಿಟ್ಟುಕೊಂಡು ಮೂರು ತಾಸು ಓಡಿಸಿ ಬಂದಿದ್ದ.

ಆಮೇಲೆ ಏಳು ತಿಂಗಳು ಪ್ರತಿ ಶುಕ್ರವಾರವೂ ಬಂದ.

ಗ್ರೌಂಡ್ ಸರಿಮಾಡಿದ. ಬೆಳಕು ಸೋರುವ ಕಡೆ ಟೇಪು ಸುತ್ತಿದ. ಅಲ್ಲಿಂದ ಕಲಿತುಬಂದ ಒಂದು ಪದ್ಧತಿಯನ್ನೂ ಹೇಳಿದ.

"ಅಲ್ಲಿ ಉತ್ತರಾನ ಮೊದಲ ನೋಡೂದಿಲ್ರಿ. ಒಬ್ಬರು ಕಂಪ್ಯೂಟರಿನಾಗ ಒಂದು ಗುಟ್ಟಿನ ಅಂಕಿ ಕೂಡಿಸಿ ಇಟ್ಟಿರ್ತಾರ. ತೆರಿ ಮ್ಯಾಲ ಕಾಣೂದು ಸುಳ್ಳು ಉತ್ತರ. ಕೆಲಸ ಎಲ್ಲಾ ಮುಗದು, ಇನ್ನ ಏನೂ ಮುಟ್ಟೂದಿಲ್ಲ ಅಂತ ಸಹಿ ಮಾಡಿದ ಮ್ಯಾಲ ಆ ಅಂಕಿ ಹೇಳ್ತಾರ. ಕಳದು ನೋಡಿದ್ರ ಖರೇ ಉತ್ತರ."

"ಯಾಕೆ ಅಂತ ಗೊತ್ತುಂಟು" ಎಂದಳು ಪ್ರಣೀತಾ ಮೆಲ್ಲಗೆ. "ಬೇಕಾದ ಉತ್ತರ ಬರುವವರೆಗೆ ನಾವು ತಪ್ಪು ಹುಡುಕ್ತಾ ಇರ್ತೇವೆ. ಬಂದ ಕೂಡಲೇ ನಿಲ್ಲಿಸ್ತೇವೆ."

ಅವಳಿಗೆ ಅದು ಓದಿ ತಿಳಿದದ್ದಲ್ಲ. ಪಿಎಚ್.ಡಿ. ಮಾಡುವಾಗ ಅವಳ ಗೈಡು ಗ್ರಾಫಿನ ಎರಡು ಚುಕ್ಕೆಗಳನ್ನು 'ಸ್ವಲ್ಪ ಸರಿ' ಮಾಡಿದ್ದರು. ಅವಳು ಒಪ್ಪಲಿಲ್ಲ. ಆ ಒಂದು 'ಇಲ್ಲ'ಕ್ಕೆ ಅವಳ ಬದುಕಿನ ಒಂದೂವರೆ ವರ್ಷ ಹೋಯಿತು.

ಹಾಗಾಗಿ ಗುಟ್ಟಿನ ಅಂಕಿಯನ್ನು ಬಸವಪ್ರಭುವೇ ಇಟ್ಟು, ಮೂಲ ಡೇಟಾಗೆ ಪಾಸ್‌ವರ್ಡ್ ಹಾಕಿದ. ಎರಡೂ ಅವನೊಬ್ಬನಿಗೇ ಗೊತ್ತು.

ಕಾರ್ಯಕ್ರಮಕ್ಕೆ ಎರಡು ವಾರ ಇರುವಾಗ, ಕೋಟೆಯ ಬಳಿಯ ಅಂಗಡಿಯಲ್ಲಿ ಏಲಕ್ಕಿ ಹಾಕಿದ ಗಟ್ಟಿ ಕರಕ್ ಚಹಾ ಕುಡಿಯುತ್ತಿದ್ದಾಗ ಅವನು ಲೋಟ ಕೆಳಗಿಟ್ಟು ಕೇಳಿದ್ದ.

"ಪ್ರಣೀತಾ ಅವ್ರ... ನನ್ನ ಲಗ್ನ ಆಗ್ತೀರೇನು?"

ಬಾಯಿಯ ತುದಿಗೆ ಬಂದ ಉತ್ತರವನ್ನು ಅವಳೇ ತಡೆದಿದ್ದಳು.

"ಜಿನೀವಾದವರ ಗುರುವಾರದ ಕಾರ್ಯಕ್ರಮ ಮುಗೀಲಿ. ಅವತ್ತೇ ಹೇಳ್ತೇನೆ. ಆದ್ರೆ ಒಂದು ಮಾತು... ನನಗೋಸ್ಕರ ಯಾವತ್ತೂ ಯಾವುದನ್ನೂ 'ಸರಿ' ಮಾಡಲಿಕ್ಕೆ ಹೋಗ್ಬೇಡಿ. ಇದ್ದದ್ದು ಇದ್ದ ಹಾಗೆ ಹೇಳಿ. ಅದೊಂದು ಸಾಕು ನಂಗೆ."

"ಆತ್ರಿ" ಎಂದಿದ್ದ ಅವನು.

* * *

ಆ ಗುರುವಾರ ಬೆಳಗಿನಿಂದ ಯಾವುದೂ ನೆಟ್ಟಗಾಗಲಿಲ್ಲ.

ಬ್ಯಾನರಿನಲ್ಲಿ 'ಹದಿನೈದು' ಬದಲು 'ಐವತ್ತು' ಎಂದು ಮುದ್ರಿಸಿ ತಂದಿದ್ದರು. ವಿಡಿಯೋ ಸಂಪರ್ಕ ಮೂರು ಬಾರಿ ಕಡಿದುಹೋಯಿತು. ಮೈಕು ಕಿರುಚಿತು. ಸಾಲದ್ದಕ್ಕೆ ಸಭಾಂಗಣದ ನಡುವೆ ಒಂದು ದೊಡ್ಡ ಕೇಕು, ಅದರ ಮೇಲೆ ನೀಲಿ ಕ್ರೀಮಿನಲ್ಲಿ '2.2'!

"ಮೇಡಂ, ಇದೆಂತ? ಉತ್ತರ ಇನ್ನೂ ತೆರೆದೇ ಇಲ್ಲ!"

ವಿಭಾಗದ ಮುಖ್ಯಸ್ಥೆ ವಿಕ್ಟೋರಿಯಾ ಮೇಡಂ ಕೂಡ ಪ್ರಣೀತಾಳ ಮನೆಯವರಂತೆ ಮಂಗಳೂರಿನವರೇ. ಯಾವುದಕ್ಕೂ ತಲೆಬಿಸಿ ಮಾಡಿಕೊಳ್ಳುವವರಲ್ಲ.

"ಪುಸ್ತಕದಲ್ಲಿ ಉಂಟಲ್ಲ ಪ್ರಣೀತಾ! ಕೇಕಿನವನಿಗೆ ಸೋಮವಾರವೇ ಹೇಳಬೇಕಿತ್ತು. ಅವನು ನಿನ್ನ ಮ್ಯೂವಾನ್ ಸಾಯುವವರೆಗೆ ಕಾಯ್ತಾನಾ?"

ಪ್ರಣೀತಾ ಬಾಯಿ ತೆರೆದಳು. ಪಕ್ಕದಲ್ಲೇ ಬಸವಪ್ರಭು ವೈರು ಸುತ್ತುತ್ತಾ ನಿಂತಿದ್ದ. ಅವಳು ಬಾಯಿ ಮುಚ್ಚಿದಳು.

ಹೇಳಬೇಕಾದ ಮಾತೊಂದಿತ್ತು. ಪುಸ್ತಕದ ಅಂಕಿ ನಿರ್ವಾತದಲ್ಲಿರುವ ಮ್ಯೂವಾನಿನದು. ಆಕಾಶದಿಂದ ಬೀಳುವವುಗಳಲ್ಲಿ ಎರಡು ಜಾತಿ, ಧನ ಮತ್ತು ಋಣ. ಋಣ ಮ್ಯೂವಾನ್ ಪ್ಲಾಸ್ಟಿಕ್ಕಿನೊಳಗೆ ನಿಂತರೆ ಇಂಗಾಲದ ಪರಮಾಣು ಕೆಲವನ್ನು ಅವಧಿಗೆ ಮೊದಲೇ ನುಂಗಿಬಿಡುತ್ತದೆ. ಹಾಗಾಗಿ ತಮ್ಮ ದಿಮ್ಮಿಯಲ್ಲಿ ಬರಬೇಕಾದದ್ದು 2.2 ಅಲ್ಲ, ಸುಮಾರು 2.1. ಅದನ್ನು ಅವಳು ವಿದ್ಯಾರ್ಥಿಗಳಿಗೆ ಸೋಮವಾರದ ಪಾಠದಲ್ಲಿ ಹೇಳಿದ್ದಳು. ಬಸವಪ್ರಭುವಿಗೆ ಹೇಳಿರಲಿಲ್ಲ.

ಗುಟ್ಟು ಇಟ್ಟವನಿಗೆ ನಿರೀಕ್ಷೆ ಹೇಳಬಾರದು... ನಿಯಮ ನಿಯಮವೇ ಎಂದುಕೊಂಡಳು.

ಅಷ್ಟರಲ್ಲಿ ಅಮ್ಮ ವಾರಿಜಾಕ್ಷಿ ಬಂದರು. ಅಪ್ಪನಿಗೆ ಆಫೀಸಿನಲ್ಲಿ ಬಿಡುವಿರಲಿಲ್ಲ. ಅಮ್ಮ ಪಕ್ಕದ ಫ್ಲ್ಯಾಟಿನವರ ಕಾರಿನಲ್ಲಿ ಒಬ್ಬರೇ ಬಂದಿದ್ದರು, ರೇಷ್ಮೆ ಸೀರೆ ಉಟ್ಟು!

"ಅಮ್ಮಾ, ಇದು ಮದುವೆ ಅಲ್ಲ."

"ನಂಗೆ ಗೊತ್ತುಂಟು ಮಗಾ. ಆದ್ರೂ ಹುಡುಗನನ್ನು ಮೊದಲ ಸಲ ನೋಡುವುದಲ್ವಾ?" ಅಮ್ಮ ಕಣ್ಣಂಚಿನಲ್ಲೇ ಬಸವಪ್ರಭುವನ್ನು ಅಳೆದರು. "ಇವನೆಯಾ? ಎತ್ತರ ಉಂಟು. ಆದ್ರೆ ಮುಖ ಯಾಕೆ ಹೀಗೆ? ಹೊಟ್ಟೆನೋವಾ?"

ನಿಜ. ಬಸವಪ್ರಭುವಿನ ಮುಖ ಬಾಡಿತ್ತು. ನಿನ್ನೆಯಿಂದಲೂ ಅವನು ಸರಿಯಿರಲಿಲ್ಲ. ಬುಧವಾರ ಬೆಳಿಗ್ಗೆ ಪ್ರಣೀತಾ ಕೊನೆಯ ಸಹಿ ಹಾಕಿ, ಪರದೆಯ ಅಂಕಿ 2.47 ಎಂದು ಅವನಿಗೆ ಕಳಿಸಿದ್ದಳು. ಯಾವಾಗಲೂ ಒಂದು ನಗುವಾದರೂ ಕಳಿಸುವವನು 'ಸರಿ' ಎಂದಷ್ಟೇ ಬರೆದಿದ್ದ.

ಮಧ್ಯಾಹ್ನ ಎರಡೂಕಾಲಿಗೆ ಎಲ್ಲರೂ ಸೇರಿದರು. ಜಿನೀವಾ ಸಂಪರ್ಕಕ್ಕೆ ಇನ್ನು ನಲವತ್ತೈದು ನಿಮಿಷ. ಬಿಳಿ ಹಲಗೆಯ ಮೇಲೆ ಪ್ರಣೀತಾ 2.47 ಎಂದು ಬರೆದಳು. ಅದರ ಕೆಳಗೆ ಕಳೆಯುವ ಗೆರೆ.

"ಬಸವಪ್ರಭು ಅವ್ರೇ... ಗುಟ್ಟಿನ ಅಂಕಿ ಹೇಳಿ."

ಅವನು ಅವಳ ಮುಖ ನೋಡಲಿಲ್ಲ. ಕೇಕಿನ ಕಡೆ ನೋಡುತ್ತಾ ಹೇಳಿದ.

"ಸೊನ್ನೆ ಪಾಯಿಂಟ್ ಎರಡು ಏಳು."

ಅವಳ ಕೈ ತಾನಾಗಿ ಬರೆಯಿತು. 2.20.

ಸಭಾಂಗಣ ಚಪ್ಪಾಳೆಯಿಂದ ತುಂಬಿತು. "ನೋಡಿದ್ಯಾ, ಕೇಕು ಗೆದ್ದಿತು!" ಎಂದು ವಿಕ್ಟೋರಿಯಾ ಮೇಡಂ ಕುಣಿದರು. ಅಮ್ಮ ಎರಡೂ ಕೈಯಲ್ಲಿ ಮಗಳಿಗೆ ದೃಷ್ಟಿ ತೆಗೆದರು.

ಪ್ರಣೀತಾಳ ಕೈಯಲ್ಲಿ ಮಾರ್ಕರ್ ತಣ್ಣಗಾಯಿತು. ಮುಂದಿನ ಬೆಂಚಿನಲ್ಲಿ ಕುಳಿತಿದ್ದ ಇಬ್ಬರು ವಿದ್ಯಾರ್ಥಿಗಳು ಚಪ್ಪಾಳೆ ತಟ್ಟದೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಅವರಿಗೂ ಗೊತ್ತಿತ್ತು.

ತಮ್ಮ ಅಳತೆಯಲ್ಲಿ ತಪ್ಪು ಹೆಚ್ಚೆಂದರೆ 0.02. ಆ ಪ್ಲಾಸ್ಟಿಕ್ಕಿನಲ್ಲಿ 2.20 ಬರಲು ಸಾಧ್ಯವೇ ಇಲ್ಲ. ಯಂತ್ರ ಕೆಟ್ಟಿರಬೇಕು. ಇಲ್ಲವಾದರೆ...

ಅವಳು ಬಸವಪ್ರಭುವಿನ ಕಡೆ ತಿರುಗಿದಳು. ಅವನು ನೆಲ ನೋಡುತ್ತಿದ್ದ.

* * *

"ಹೊರಗೆ ಬನ್ನಿ."

ಕಾರಿಡಾರಿಗೆ ಬಂದು ಅವಳು ಬಾಗಿಲು ಎಳೆದುಕೊಂಡಳು.

"ಆ ಅಂಕಿ ಸುಳ್ಳು. ಹೌದೋ ಅಲ್ವೋ?"

ಅವನು ಒಮ್ಮೆ ಅವಳ ಮುಖ ನೋಡಿದ.

"ಹೌದ್ರಿ."

ಅವನು ಅಲ್ಲಗಳೆಯಲಿ, ಜಗಳವಾಡಲಿ, ಯಂತ್ರವೇ ಕೆಟ್ಟಿದೆಯೆಂದು ಹೇಳಲಿ ಎಂದು ಅವಳ ಮನಸ್ಸು ಎಷ್ಟು ಬೇಡಿಕೊಂಡಿತ್ತು!

"ಖರೇ ಅಂಕಿ ಸೊನ್ನೆ ಪಾಯಿಂಟ್ ಮೂರು ಆರು. ನಿನ್ನೆ ನೀವು ಕಳಿಸಿದ ಕೂಡಲೇ ಕಳದು ನೋಡಿದ್ನಿ. 2.11 ಬಂತ್ರಿ. ಪುಸ್ತಕ ತೆಗದು ನೋಡಿದ್ರ 2.2 ಐತಿ. ನನ್ನ ಕೈಕಾಲೇ ಹೋದವು. ಏಳು ತಿಂಗಳು ದುಡದೀರಿ. ಜಿನೀವಾದವರ ಮುಂದ, ನಿಮ್ಮ ಅವ್ವನ ಮುಂದ, ತಪ್ಪು ಉತ್ತರ ಹಿಡಕೊಂಡು ನೀವು ನಿಲ್ಲೂದು..." ಅವನು ತಲೆ ಅಲ್ಲಾಡಿಸಿದ. "ನನ್ನ ಕಡಿಂದ ನೋಡ್ಲಿಕ್ಕೆ ಆಗಲಿಲ್ರಿ."

"ತಪ್ಪು ಉತ್ತರ ಅಲ್ಲ ಅದು!"

ಅವಳು ಕಿರುಚಿಯೇ ಬಿಟ್ಟಳು.

"2.11 ಸರಿಯಾದ ಉತ್ತರ! ಪ್ಲಾಸ್ಟಿಕ್ಕಿನಲ್ಲಿ ಅದೇ ಬರಬೇಕು! ನಿಮ್ಮ ಗ್ರೌಂಡು, ನಿಮ್ಮ ಟೇಪು, ನಮ್ಮ ಏಳು ತಿಂಗಳು... ಎಲ್ಲವೂ ಸರಿಯಾಗಿತ್ತು. ನೀವು ಅದನ್ನು ಹಾಳು ಮಾಡಿದ್ರಿ. ನನಗೋಸ್ಕರ! ಒಂದೇ ಒಂದು ಮಾತು ಕೇಳಿದ್ದೆ ನಾನು ನಿಮ್ಮತ್ರ. ಒಂದೇ ಒಂದು!"

ಬಸವಪ್ರಭು ಬೆಪ್ಪಾಗಿ ನಿಂತ.

"ಸರಿ ಇತ್ತಾ?"

"ಸರಿ ಇತ್ತು! ನನ್ನನ್ನು ಕೇಳಬಹುದಿತ್ತಲ್ಲ?"

"ಹೆಂಗ ಕೇಳ್ಲಿ? ಕೇಳಿದ್ರ ಗುಟ್ಟು ಒಡೀತಿತ್ತಲ್ರಿ!"

ಅಳು ಬರುತ್ತಿತ್ತು, ನಗು ಬರುವಂತಿತ್ತು. ಎರಡನ್ನೂ ಅವಳು ಹಲ್ಲು ಕಚ್ಚಿ ನುಂಗಿದಳು. ಗುಟ್ಟನ್ನು ಕಾಯಲು ಸುಳ್ಳು ಹೇಳಿದ ಪುಣ್ಯಾತ್ಮ!

"ಒಂದು ಮಾತು ಹೇಳ್ತೀನ್ರಿ. ತಪ್ಪು ನಂದ, ಅದನ್ನ ಸಣ್ಣದು ಮಾಡ್ಲಿಕ್ಕೆ ಅಲ್ಲ." ಅವನ ದನಿ ತಗ್ಗಿತ್ತು. "ಅದು ಹಿಂಗ ಅಂತ ನಿಮ್ಮ ಹುಡುಗರಿಗೆ ಗೊತ್ತಿತ್ತೇನು?"

"...ಹೌದು. ಸೋಮವಾರ ಪಾಠ ಮಾಡಿದ್ದೆ."

"ಇಪ್ಪತ್ತು ಮಂದಿಗೆ ಹೇಳೀರಿ. ನನಗ ಹೇಳಲಿಲ್ಲ."

"ನಿಯಮ..."

"ಇಪ್ಪತ್ತು ಹುಡುಗರಿಗಿಲ್ಲದ ನಿಯಮ ನನಗೊಬ್ಬನಿಗೆ ಏನ್ರಿ? ಹೋಗ್ಲಿ, ಗುಟ್ಟು ಇಡೂದಕ್ಕಿಂತ ಮೊದಲು? ಏಳು ತಿಂಗಳು ಬಂದೀನಿ. ವೈರು ಹೇಳೀರಿ, ಟೇಪು ಹೇಳೀರಿ. ಅದರೊಳಗ ಏನು ನಡೀತೈತಿ ಅಂತ ಒಂದು ಶುಕ್ರವಾರನೂ ಹೇಳಲಿಲ್ಲ. ವೈರು ಕೂಡಿಸಾಂವಗ ಅದೆಲ್ಲಾ ಯಾಕ ಅಂತ ನೀವು ಅನ್ಕೊಂಡ್ರಿ. ನಾನೂ ಹಂಗ ಅನ್ಕೊಂಡು ಕೇಳಲಿಲ್ಲ."

ಅಲ್ಲವೆಂದು ಹೇಳಲು ಪ್ರಣೀತಾ ಒಂದು ಶುಕ್ರವಾರವನ್ನಾದರೂ ನೆನಪಿಸಿಕೊಳ್ಳಲು ನೋಡಿದಳು. ಇರಲಿಲ್ಲ.

ಸಿಟ್ಟು ಕಡಿಮೆಯಾಗಲಿಲ್ಲ. ಆದರೆ ಅದು ಅವನೊಬ್ಬನ ಮೇಲೆಯೇ ಉಳಿಯಲೂ ಇಲ್ಲ.

"ಇವತ್ತು ಹೌದು ಅಂತ ಹೇಳಬೇಕು ಅಂತಿದ್ದೆ" ಎಂದಳು, ಬೇರೆಲ್ಲೋ ನೋಡುತ್ತಾ.

ಅವನು ಕಣ್ಣು ಮುಚ್ಚಿಕೊಂಡ.

"ಈಗ ನನಗೆ ನಿಮ್ಮ ಮೂರು ಆರನ್ನೂ ನಂಬಲಿಕ್ಕೆ ಆಗುವುದಿಲ್ಲ. ಪಾಸ್‌ವರ್ಡ್ ಕೊಡಿ. ಮೂಲ ಡೇಟಾದಿಂದ ನಾನೇ ಲೆಕ್ಕ ಮಾಡ್ತೇನೆ. ಆಮೇಲೆ ಎಲ್ಲರ ಮುಂದೆ ಹೇಳ್ತೇನೆ, ನಾವು ತೋರಿಸಿದ ಅಂಕಿ ಸುಳ್ಳು ಅಂತ."

"ಪಾಸ್‌ವರ್ಡ್ ಕೊಡ್ತೀನಿ. ಹೇಳೂದು ಮಾತ್ರ ನೀವಲ್ಲ" ಎಂದ ಬಸವಪ್ರಭು. "ನಾನು."

* * *

ಮೂರು ಗಂಟೆಗೆ ಪರದೆಯಲ್ಲಿ ಜಿನೀವಾ ಬಂತು. ಹಳದಿ ಹೆಲ್ಮೆಟ್ ಹಾಕಿದ ಇಸಾಬೆಲ್ಲಾ ಎಂಬ ವಿಜ್ಞಾನಿ, ಹಿಂದೆ ಮೂರಂತಸ್ತಿನ ಯಂತ್ರ, ಅದಕ್ಕೆ ಸುತ್ತಿದ ಬಣ್ಣದ ಕಾಗದದ ಮಾಲೆ. "ಹದಿನೈದು ವರ್ಷದ ಶುಭಾಶಯ ಒಮಾನ್! ನಿಮ್ಮ ಅಂಕಿ ಎಷ್ಟು?"

ಬಸವಪ್ರಭು ಮೈಕು ಹಿಡಿದ. ಅವನ ಇಂಗ್ಲಿಷು ಸರಳವಾಗಿತ್ತು.

"ನಾನು ಟೆಕ್ನಿಷಿಯನ್. ನಿಮ್ಮ ಹಿಂದೆ ಕಾಣುವ ಕೇಬಲ್ಲುಗಳಲ್ಲಿ ಕೆಲವನ್ನು ನಾನೇ ಎಳೆದಿದ್ದೇನೆ. ಗುಟ್ಟಿನ ಅಂಕಿಯ ಪದ್ಧತಿ ಅಲ್ಲೇ ಕಲಿತೆ. ಇವತ್ತು ಆ ಗುಟ್ಟು ನನ್ನ ಬಳಿ ಇತ್ತು. ನಿಜವಾದ ಉತ್ತರ ತಪ್ಪೆಂದು ಭಾವಿಸಿ ಹೆದರಿದೆ. ಮುಕ್ಕಾಲು ಗಂಟೆಯ ಹಿಂದೆ ಈ ಸಭೆಯ ಮುಂದೆ ಸುಳ್ಳು ಅಂಕಿ ಓದಿದೆ. ಪ್ರಣೀತಾ ಮೇಡಂ ಅವರಿಗಾಗಲಿ ವಿದ್ಯಾರ್ಥಿಗಳಿಗಾಗಲಿ ಇದು ಗೊತ್ತಿರಲಿಲ್ಲ. ತಪ್ಪು ನನ್ನದೊಬ್ಬನದು."

ವಿಕ್ಟೋರಿಯಾ ಮೇಡಂ ಹಣೆ ಹಿಡಿದುಕೊಂಡರು. "ಎಂಚಿನ ಆಂಡ್?" ಎಂದು ಅಮ್ಮ ಪಕ್ಕದವರನ್ನು ತುಳುವಿನಲ್ಲೇ ಕೇಳಿದರು, ಏನಾಯಿತೆಂದು.

ಪ್ರಣೀತಾ ಎದ್ದು ಮುಂದೆ ಬಂದಳು. ಅವಳ ಕೈಯಲ್ಲಿ ಆಗಷ್ಟೇ ಮುದ್ರಿಸಿದ ಹಾಳೆ.

"ಮೂಲ ಡೇಟಾದಿಂದ ಮತ್ತೆ ಲೆಕ್ಕ ಮಾಡಿದ್ದೇನೆ. 2.11. ತಪ್ಪಿನ ಅಳತೆ 0.02."

"ಪ್ಲಾಸ್ಟಿಕ್ಕಿನಲ್ಲಿ?" ಇಸಾಬೆಲ್ಲಾಳ ಹುಬ್ಬು ಏರಿತು. ಮರುಕ್ಷಣ ಮುಖ ಅರಳಿತು. "ಅದೇ ಬರಬೇಕು! ನೀವು 2.20 ಎಂದು ತೋರಿಸಿದ್ದರೆ ನಾನೇ ಕೆದಕಿ ಕೇಳುತ್ತಿದ್ದೆ. ಅಷ್ಟು ಶುದ್ಧ ಡೇಟಾ ಬರಬೇಕಾದರೆ ವೈರಿಂಗ್ ತುಂಬ ಚೆನ್ನಾಗಿರಬೇಕು. ಯಾರು ಮಾಡಿದ್ದು?"

ಪ್ರಣೀತಾ ಬಸವಪ್ರಭುವಿನ ಕಡೆ ಕೈ ತೋರಿಸಿದಳು.

"ಈಗಷ್ಟೇ ಮಾತಾಡಿದವರು."

ಐದು ನಿಮಿಷ ಮುಗಿಯಿತು. ಪರದೆ ಇನ್ನೊಂದು ದೇಶಕ್ಕೆ ಹೋಯಿತು. ಕೇಕಿನ ಮುಂದೆ ಎಲ್ಲರೂ ಪೆಚ್ಚಾಗಿ ನಿಂತಿದ್ದಾಗ ವಾರಿಜಾಕ್ಷಿ ಸೆರಗು ಸಿಕ್ಕಿಸಿ ಚಾಕು ಕೈಗೆತ್ತಿಕೊಂಡರು.

"ಎಂತ ಎಲ್ಲರೂ ಸೂತಕದ ಹಾಗೆ ನಿಂತದ್ದು? ಕ್ರೀಮ್ ಅಲ್ವಾ, ಕೆರೆದರೆ ಹೋಗ್ತದೆ." ಕೊನೆಯ '2' ಅನ್ನು ಕೆರೆದು ಅಲ್ಲೇ ಎರಡು ಉದ್ದ ಗೆರೆ ಎಳೆದರು, 2.11. "ಈಗ ಸರಿಯಾ ಮಗಾ?"

* * *

ಐದು ಗಂಟೆಯ ಬಿಸಿಲು ಊರಾಚೆಯ ಬೆಟ್ಟಗಳ ಮೇಲೆ ಕೆಂಪಾಗುತ್ತಿತ್ತು. ಬಸವಪ್ರಭು ಯಾರಿಗೂ ಹೇಳದೆ ಕಾರಿಗೆ ಉಪಕರಣಗಳ ಪೆಟ್ಟಿಗೆ ತುಂಬುತ್ತಿದ್ದ.

"ಹೇಳದೆ ಹೊರಟಿರಾ?"

ಅವನು ತಿರುಗಿದ. ಪ್ರಣೀತಾ ನಿಂತಿದ್ದಳು. ಕಣ್ಣು ಕೆಂಪು, ಕೂದಲು ಕೆದರಿತ್ತು.

"ಯಾವ ಮುಖಾ ಇಟ್ಕೊಂಡು ಹೇಳ್ಲಿ?"

"ಇದ್ದ ಮುಖ ಇಟ್ಕೊಂಡು."

ಅವನು ಪೆಟ್ಟಿಗೆ ಕೆಳಗಿಟ್ಟ.

"ನಾನಿನ್ನೂ ಸಿಟ್ಟಲ್ಲೇ ಇದ್ದೇನೆ" ಎಂದಳು ಅವಳು. "ನಾಳೆಯೂ ಇರ್ತದೆ. ಬಹುಶಃ ಒಂದು ತಿಂಗಳು ಇರ್ತದೆ."

"ಇರ್ಲಿರಿ."

"ನನ್ನ ಗೈಡು ಹಾಗೆ ಮಾಡಿದಾಗ ಇನ್ನೊಬ್ಬರ ಮೇಲೆ ತಪ್ಪು ಹಾಕಿದ್ರು. ನೀವು ಮುಕ್ಕಾಲು ಗಂಟೆಯಲ್ಲಿ ಎಲ್ಲರೆದುರು ನಿಂತು ಒಪ್ಪಿಕೊಂಡ್ರಿ. ಅದಕ್ಕೆ ನಿಮ್ಮನ್ನು ಪೂರ್ತಿ ದ್ವೇಷ ಮಾಡಲಿಕ್ಕೂ ಆಗುವುದಿಲ್ಲ. ಎಷ್ಟು ಕಿರಿಕಿರಿ ಗೊತ್ತುಂಟಾ ಇದು?"

ಬಸವಪ್ರಭುವಿನ ತುಟಿ ಸ್ವಲ್ಪ ಅಲುಗಿತು. ಧೈರ್ಯ ಸಾಲದೆ ಮತ್ತೆ ಗಂಭೀರವಾಯಿತು.

"ನೀವು ಹೇಳಿದ್ದೂ ಸರಿ" ಅವಳ ದನಿ ಒಡೆಯಿತು. "ನಿಯಮ ಅಂತ ನಾನು ಸುಳ್ಳು ಹೇಳಿಕೊಂಡೆ. ನಿಮಗೆ ಬೇಕಾಗಬಹುದು ಅಂತ ನಂಗೆ ಹೊಳೆಯಲೇ ಇಲ್ಲ. ಪ್ರತಿ ಶುಕ್ರವಾರ ನಿಮ್ಮ ಕೈ ನೋಡ್ತಿದ್ದೆ. ಎಷ್ಟು ಚೆಂದ ಕೆಲಸ ಮಾಡ್ತಾರೆ ಅಂತ ನೋಡ್ತಿದ್ದೆ. ನಿಮಗೂ ತಿಳಿಯುವ ಆಸೆ ಇರಬಹುದು ಅಂತ ಒಮ್ಮೆಯೂ... ಕ್ಷಮಿಸಿ."

"ಅಳಬ್ಯಾಡ್ರಿ..." ಅವನು ಕಂಗಾಲಾಗಿ ಜೇಬು ತಡಕಿದ. ಸಿಕ್ಕಿದ್ದು ಮಸಿ ಬಟ್ಟೆ. ಅದನ್ನೇ ಚಾಚಿ, ಕೊಳಕು ನೋಡಿ ಹಿಂದೆಗೆದ.

ಅವಳು ಅದನ್ನೇ ಕಸಿದುಕೊಂಡು ಮೂಗು ಒರೆಸಿಕೊಂಡಳು.

"ಹೌದು" ಎಂದಳು.

"ಏನು ಹೌದ್ರಿ?"

"ಎಂತ ಮಾರಾಯ್ರೆ! ಎರಡು ವಾರದ ಹಿಂದೆ ಕೇಳಿದ್ದಕ್ಕೆ ಹೌದು!"

ಬಸವಪ್ರಭು ಕಾರಿನ ಬಾಗಿಲಿಗೆ ಆತುಕೊಂಡ.

"ಸಿಟ್ಟಿನ್ಯಾಗ ಹೇಳಾಕತ್ತೀರೇನು?"

"ಸಿಟ್ಟಿನಲ್ಲೇ. ಇನ್ನು ಮುಂದೆ ಹೆದರಿಕೆ ಆದ್ರೆ, ಗುಟ್ಟು ಒಡೆದರೂ ಚಿಂತೆ ಇಲ್ಲ, ಮೊದಲು ನನ್ನ ಹತ್ರ ಬನ್ನಿ."

"ಬರ್ತೀನಿ." ಅವನು ಹಿಂಜರಿಯುತ್ತಾ ಅವಳ ಕೈ ಹಿಡಿದ. ಒರಟು ಬೆರಳುಗಳು ಬೆಚ್ಚಗಿದ್ದವು. "ಈಗ ಒಂದು ಕೇಳ್ಲೇನು? ನಗಬಾರ್ದು ಮತ್ತ."

"ಕೇಳಿ."

"ಆ ಮ್ಯೂವಾನ್... ಸತ್ತ ಮ್ಯಾಲ ಎಲ್ಲಿ ಹೋಗ್ತೈತ್ರಿ?"

ಪ್ರಣೀತಾ ನಗಲಿಲ್ಲ. ಅವನನ್ನು ಎಳೆದುಕೊಂಡು ಹೋಗಿ ಕಾಲೇಜಿನ ಮೆಟ್ಟಿಲ ಮೇಲೆ ಕೂರಿಸಿ, ಪಕ್ಕದಲ್ಲಿ ಭುಜ ತಾಗುವಷ್ಟು ಹತ್ತಿರ ಕುಳಿತಳು.

"ಎಲ್ಲಿಗೂ ಹೋಗುವುದಿಲ್ಲ. ಮೂರಾಗಿ ಒಡೀತದೆ. ಒಂದು ಮಾತ್ರ ನಮಗೆ ಕಾಣ್ತದೆ, ಇನ್ನೆರಡು ನಮ್ಮ ಮೈಯೊಳಗಿಂದಲೇ ದಾಟಿ ಹೋಗ್ತವೆ, ಗೊತ್ತೇ ಆಗದ ಹಾಗೆ."

"ಈಗೂ?"

"ಈಗಲೂ."

ಅವನು ಹಿಡಿದಿದ್ದ ಕೈಯನ್ನು ತಿರುಗಿಸಿ ನೋಡಿದ, ಏನಾದರೂ ಕಂಡೀತೆಂಬಂತೆ.

"ಮುಂದ ಹೇಳ್ರಿ" ಎಂದ.